ಬಾರ್ ಇದ್ದ ಸೈಕಲ್ಲು

ಹೆಂಗಸರ ಸೈಕಲ್ಲಿಗೆ ಮುಂದೆ ಅಡ್ಡ ಬಾರ್ ಇರುವುದಿಲ್ಲ. ನಮ್ಮ ಸೀರೆಯನ್ನು ನೋಡಿ ಯಾರೋ ಪುಣ್ಯಾತ್ಮರು ಮಾಡಿದ ಉಪಕಾರ ಅದು ಎಂದು ನಮ್ಮಲ್ಲಿ ಬಹಳ ಮಂದಿಯ ಎಣಿಕೆ. ಅದು ನಮಗಾಗಿ ಆದದ್ದಲ್ಲ. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಓಡುವ ರೋವರ್ ಸೈಕಲ್ಲನ್ನು ತಂದ ಮೇಲೆ, ಅಲ್ಲಿನ ಹೆಂಗಸರ ನೆಲ ಗುಡಿಸುವ ಲಂಗಕ್ಕೆಂದು ಬಾರನ್ನು ಕೆಳಕ್ಕೆ ಬಗ್ಗಿಸಿದರು. ಲಂಗವನ್ನೇ ಬಿಟ್ಟವರ ಪಾಡು ಬೇರೆ. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಅಗಲವಾದ ಪಾಯಿಜಾಮದಂಥ ಉಡುಪು ತೊಟ್ಟು ಸೈಕಲ್ಲಿನಲ್ಲಿ ಹೋದಾಗ, ಹೋಟೆಲೊಂದರ ಕಾಫಿ ಕೋಣೆಗೆ ಆಕೆಯನ್ನು ಬಿಡಲಿಲ್ಲ. ಮೊಕದ್ದಮೆ ನಡೆದು ಹೋಟೆಲಿನವರೇ ಗೆದ್ದರು. ಬಾಗಿಲು ತಡೆದ ಯಜಮಾನಿಯೂ ಹೆಂಗಸೇ ಅನ್ನಿ!

ನಾನು ಇದನ್ನೆಲ್ಲ ಓದಿದ್ದು ಬಹಳ ತಡವಾಗಿ. 1983ರಲ್ಲಿ ಆರು ಕಿಲೋಮೀಟರ್ ದೂರದ ಹಳ್ಳಿಶಾಲೆಗೆ ಟೀಚರಾಗಿ ಹೋಗತೊಡಗಿದಾಗ ನನಗೆ ಗೊತ್ತಿದ್ದುದು ಒಂದೇ: ಬೆಳಗಿನ ಬಸ್ಸು ತಪ್ಪಿದರೆ ಅರ್ಧ ದಿನದ ರಜೆ ಹೋಗುತ್ತದೆ. ಸೈಕಲ್ಲು ಕೊಂಡೆ. ಅತ್ತೆಯವರು ಏನೂ ಅನ್ನಲಿಲ್ಲ, ಬೀದಿಯವರು ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಗಾಲಿಗೆ ಬಲೆ ಹಾಕಿಸಿ ಓಡಾಡಿದೆ. ತಿಂಗಳಾಗುವಷ್ಟರಲ್ಲಿ ಅವರಿಗೂ ಬೇಸರವಾಯಿತು. ಮುಂದೆ ಮನೆಯಲ್ಲಿ ಲೂನಾ ಕೊಳ್ಳುವ ಮಾತೆದ್ದಾಗಲೂ ನಾನು ಒಲ್ಲೆನೆಂದೆ. ಪೆಟ್ರೋಲಿಗೆಂದು ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲದ ಬಂಡಿ ನನ್ನದು.

ಆದರೆ ನಾನೊಬ್ಬಳು ಸೈಕಲ್ ತುಳಿದದ್ದು ಯಾವ ಲೆಕ್ಕ? ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಅಕ್ಷರ ಕಲಿಸುವ ಕಾರ್ಯಕರ್ತೆಯರು ಒಳಹಳ್ಳಿಗಳನ್ನು ಮುಟ್ಟಬೇಕಾದರೆ ಅವರಿಗೆ ಸೈಕಲ್ ಬರಬೇಕು ಎಂದು ಆಗಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರಿಗೆ ಹೊಳೆಯಿತು. ಸೈಕಲ್ ಕಲಿಯುವುದೂ ಅಕ್ಷರದ ಪಾಠದ ಒಂದು ಭಾಗವಾಯಿತು. ಹೆಂಗಸರಿಗೆ ಬ್ಯಾಂಕಿನಿಂದ ಸಾಲ ಕೊಡಿಸಿದರು. ಕಲ್ಲುಕ್ವಾರಿಯ ಕೂಲಿಯವರು, ಹೊಲದ ಆಳುಗಳು, ನರ್ಸಮ್ಮಂದಿರು, ಅಂಗನವಾಡಿಯವರು, ಟೀಚರುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. 1992ರ ಮಹಿಳಾ ದಿನದ ನಂತರ ಸಾವಿರದೈನೂರಕ್ಕೂ ಹೆಚ್ಚು ಹೆಂಗಸರು ಬೆಲ್ಲು ಬಾರಿಸುತ್ತ ಸೈಕಲ್ಲಿನಲ್ಲಿ ಪುದುಕೋಟೆಯ ಬೀದಿಗಿಳಿದರು. ಪತ್ರಕರ್ತ ಪಿ. ಸಾಯಿನಾಥ್ ಅವರು ಇದನ್ನು ವಿವರವಾಗಿ ಬರೆದಿದ್ದಾರೆ.

ಅದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಲೇಡೀಸ್ ಸೈಕಲ್ಲು ಸಾಲದೆ ಬಂದಾಗ ಆ ಹೆಂಗಸರು ಗಂಡಸರ ಸೈಕಲ್ಲನ್ನೇ ಹತ್ತಿದರು. ಆಮೇಲೆ ಅದೇ ಇರಲಿ ಎಂದರು. ಏಕೆಂದರೆ ಬಾರಿನ ಮೇಲೆ ಮಗುವನ್ನು ಕೂರಿಸಬಹುದು! ಇನ್ನು ನೀರಿನ ಕೊಡ, ಮಾರುವ ಸಾಮಾನು ಹಿಂದಿನ ಕ್ಯಾರಿಯರಿಗೆ. ಬಸ್ಸಿಗೆ ಕಾಯುವ ಹೊತ್ತು ಉಳಿಯಿತು, ಅಪ್ಪ, ಅಣ್ಣ, ಗಂಡ ಬಂದು ಕರೆದುಕೊಂಡು ಹೋಗಲಿ ಎಂದು ಕೂರುವ ಹೊತ್ತೂ ಉಳಿಯಿತು. ಕೂಲಿಯ ಹೆಂಗಸಿಗೆ ಈ ಹೊತ್ತೆಂದರೆ ದುಡ್ಡು.

ನಮ್ಮ ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡತೊಡಗಿದಾಗ ನಾನಿನ್ನೂ ಕೆಲಸದಲ್ಲಿದ್ದೆ. ಹುಡುಗಿಯರು ಸಾಲಾಗಿ ಬರುವುದನ್ನು ನೋಡುವುದೇ ಒಂದು ಹಬ್ಬ. ಹತ್ತನೆಯದು ಮುಗಿದ ಮೇಲೆ ಎಷ್ಟೋ ಸೈಕಲ್ಲುಗಳು ತಮ್ಮಂದಿರ ಪಾಲಾದವು. ಕೆಲವು ಹಿತ್ತಿಲಲ್ಲಿ ತುಕ್ಕು ಹಿಡಿದವು. ಒಬ್ಬಳು ಮಾತ್ರ ಅದನ್ನು ಮದುವೆಯಾದ ಮನೆಗೂ ಒಯ್ದಳು. ಈಗ ಅದರಲ್ಲೇ ಅಂಗನವಾಡಿಗೆ ಹೋಗುತ್ತಾಳೆ. ಟೈರು ಎರಡು ಸಲ ಬದಲಾಯಿಸಿದ್ದಾಳಂತೆ.