ದೂರದ ಸರಕು, ಮರೆಯ ದೋಷ
(ಹಣ ಮರಳಿಸುವ ವಿವಾದದ ಚರಿತ್ರೆ ಮತ್ತು ಶ್ರಾವಕಧರ್ಮ)

ಗೃಹಸ್ಥಧರ್ಮವನ್ನು ನಿರೂಪಿಸಿದ ನಮ್ಮ ಆಚಾರ್ಯರು ಬಸದಿಯೊಳಗಿನ ನಡತೆಯನ್ನು ಎಷ್ಟು ಎಚ್ಚರದಿಂದ ಕಂಡರೋ ಅಂಗಡಿಯ ತಕ್ಕಡಿಯನ್ನೂ ಅಷ್ಟೇ ಎಚ್ಚರದಿಂದ ಕಂಡರು. ಸತ್ಯಾಣುವ್ರತ, ಅಚೌರ್ಯಾಣುವ್ರತಗಳ ಅತಿಚಾರಗಳನ್ನು ಓದಿದವರಿಗೆ ಇದು ಕೂಡಲೇ ಮನದಟ್ಟಾಗುತ್ತದೆ. ಇಂದು ತಕ್ಕಡಿಯ ಸ್ಥಾನಕ್ಕೆ ಮೊಬೈಲ್ ಫೋನಿನ ಪರದೆ ಬಂದಿದೆ. ಮನೆಯಲ್ಲಿ ಹಳತಾದ ಫೋನು, ಕೆಟ್ಟ ಲ್ಯಾಪ್‌ಟಾಪು, ಅರ್ಧಂಬರ್ಧ ನಡೆಯುವ ಕ್ಯಾಮರಾ ಮೊದಲಾದವನ್ನು ಅಂತರ್ಜಾಲದ ಮೂಲಕ ಅಪರಿಚಿತರಿಗೆ ಮಾರುವುದು ಸಾಮಾನ್ಯ ರೂಢಿಯಾಗಿದೆ. ಕೊಂಡವನು ನಾಲ್ಕು ದಿನಗಳ ತರುವಾಯ ‘ಇದು ನೀವು ಹೇಳಿದಂತಿಲ್ಲ, ಹಣ ಮರಳಿಸಿ’ ಎನ್ನುತ್ತಾನೆ. ಮಾರಿದವನು ‘ನಾನು ಸುಳ್ಳೇನೂ ಹೇಳಿಲ್ಲವಲ್ಲ’ ಎನ್ನುತ್ತಾನೆ. ಇಬ್ಬರೂ ತಾವೇ ಪ್ರಾಮಾಣಿಕರೆಂದು ನಂಬಿರುತ್ತಾರೆ. ಇದು ಹೊಸ ಯಂತ್ರದ ಜಗಳವೆಂದು ತೋರಿದರೂ ಅದರ ಒಳಗಿರುವ ಪ್ರಶ್ನೆ ಬಹು ಹಳೆಯದು. ಸರಕಿನ ದೋಷವನ್ನು ಕಂಡುಹಿಡಿಯುವ ಹೊಣೆ ಕೊಳ್ಳುವವನದೋ, ತಾನಾಗಿ ಹೇಳುವ ಹೊಣೆ ಮಾರುವವನದೋ? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಾಚೀನ ಧರ್ಮಶಾಸ್ತ್ರಕಾರರು ರಾಜನ ಮುಂದೆ ಬರುವ ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಕ್ರಯವಿಕ್ರಯಾನುಶಯವೂ ಒಂದು. ‘ಅನುಶಯ’ವೆಂದರೆ ಕೊಂಡ ಮೇಲೆ ಅಥವಾ ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪ. ಮನುಸ್ಮೃತಿಯು ಇದಕ್ಕೆ ೧೦ ದಿನಗಳ ಅವಧಿಯನ್ನು ಕೊಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿಗಳೆಂದು ಗಡುವನ್ನು ಬೇರೆಬೇರೆಯಾಗಿ ನಿಗದಿಪಡಿಸುತ್ತದೆ. ನಾರದಸ್ಮೃತಿಯ ಪ್ರಕಾರ, ಕೊಂಡ ದಿನವೇ ಸರಕನ್ನು ಕೆಡದಂತೆ ಮರಳಿಸಿದವನಿಗೆ ಪೂರ್ಣ ಬೆಲೆ ಸಲ್ಲಬೇಕು. ಎರಡನೆಯ ದಿನ ಮರಳಿಸಿದರೆ ಬೆಲೆಯ ಮೂವತ್ತನೆಯ ಒಂದು ಭಾಗವನ್ನೂ ಮೂರನೆಯ ದಿನವಾದರೆ ಅದರ ಇಮ್ಮಡಿಯನ್ನೂ ಅವನು ಕಳೆದುಕೊಳ್ಳಬೇಕು.

ಯಾಜ್ಞವಲ್ಕ್ಯಸ್ಮೃತಿಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಸ್ತುವಿನ ಸ್ವಭಾವವನ್ನು ನೋಡಿ ಪರೀಕ್ಷೆಯ ಕಾಲವನ್ನು ಗೊತ್ತುಪಡಿಸುತ್ತದೆ. ಬಿತ್ತನೆಯ ಬೀಜಕ್ಕೆ ೧೦ ದಿನ, ರತ್ನಕ್ಕೆ ೭, ಹೊರೆ ಹೊರುವ ಪ್ರಾಣಿಗೆ ೫, ಕರೆಯುವ ಹಸುವಿಗೆ ೩, ಕಬ್ಬಿಣಕ್ಕೆ ೧ ದಿನ. ಬೀಜ ಮೊಳೆಯಬೇಕು, ಹಸು ಹಾಲು ಕೊಡಬೇಕು. ದೋಷವು ತೋರಿಬರಲು ಬೇಕಾದಷ್ಟು ಕಾಲವನ್ನು ಕೊಳ್ಳುವವನಿಗೆ ಕೊಡುವುದೇ ಇದರ ಆಶಯವೆಂದು ತಿಳಿಯಬಹುದು. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದವನು. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಸರಕು ಮರಳಿಸುವ ಗಡುವಿನ ಚರ್ಚೆ ಕನ್ನಡ ನಾಡಿಗೆ ಹೊಸದಲ್ಲವೆಂಬುದಕ್ಕೆ ಇದೊಂದೇ ಸಾಕು.

ಈ ಗ್ರಂಥಗಳಲ್ಲಿ ಇನ್ನೂ ಮೂರು ಅಂಶಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮಿಶ್ರವಾದ, ನಿಸ್ಸಾರವಾದ, ಅಳತೆಯಲ್ಲಿ ಕೊರೆಯಾದ ಸರಕಿನೊಡನೆ, ದೂರದಲ್ಲಿರುವ ಮತ್ತು ಮರೆಮಾಡಿದ ಸರಕನ್ನೂ ಮಾರಬಾರದೆಂದು ಮನು ವಿಧಿಸುತ್ತಾನೆ. ಅಂತರ್ಜಾಲದ ಮಾರಾಟವು ಸ್ವಭಾವತಃ ದೂರದ್ದು. ಆದುದರಿಂದ ಅಲ್ಲಿ ಮರೆಗೆ ಅವಕಾಶ ಹೆಚ್ಚು. ಎರಡನೆಯದಾಗಿ, ನಿರ್ದೋಷವಾದುದನ್ನು ತೋರಿಸಿ ಸದೋಷವಾದುದನ್ನು ಕೊಟ್ಟವನು ಬೆಲೆಯ ಎರಡರಷ್ಟನ್ನು ತೆರಬೇಕೆಂದೂ ಅಷ್ಟೇ ದಂಡವನ್ನು ಸಲ್ಲಿಸಬೇಕೆಂದೂ ನಾರದನು ಹೇಳುತ್ತಾನೆ. ಚಿತ್ರದಲ್ಲಿ ಹೊಳೆಯುವ ಫೋನನ್ನು ತೋರಿಸಿ ಸೀಳಿದ ಫೋನನ್ನು ಕಳುಹಿಸುವವನಿಗೆ ಈ ಮಾತು ಯಥಾವತ್ತಾಗಿ ಅನ್ವಯಿಸುತ್ತದೆ. ಮೂರನೆಯದು ಕೊಳ್ಳುವವನಿಗೆ ಸಂಬಂಧಿಸಿದ್ದು. ಉಟ್ಟು ಮಾಸಿದ ಬಟ್ಟೆಯನ್ನು, ಅದರಲ್ಲಿ ಮೊದಲೇ ದೋಷವಿದ್ದರೂ, ಮಾರಿದವನಿಗೆ ಮರಳಿಸುವಂತಿಲ್ಲವೆಂಬ ನಿಯಮವೂ ನಾರದನಲ್ಲಿದೆ. ಅಂದರೆ ಅನುಶಯದ ಹಕ್ಕಿಗೂ ಒಂದು ಮೇರೆಯುಂಟು. ಇದೇ ಸ್ಮೃತಿಗಳು ದಾಸದಾಸಿಯರನ್ನೂ ಕ್ರಯದ ವಸ್ತುಗಳ ಸಾಲಿನಲ್ಲಿ ಎಣಿಸಿವೆಯೆಂಬುದನ್ನು ಮರೆಯುವಂತಿಲ್ಲ. ಅವು ತಮ್ಮ ಕಾಲದ ಕಾನೂನುಗಳು. ಅವುಗಳಿಂದ ನಾವು ಚರಿತ್ರೆಯನ್ನು ಕಲಿಯಬೇಕೇ ಹೊರತು ಎಲ್ಲವನ್ನೂ ಆದರ್ಶವಾಗಿ ಕೊಳ್ಳಬೇಕಾಗಿಲ್ಲ.

ಸ್ಮೃತಿಗಳು ರಾಜನ ಮುಂದೆ ಸಿದ್ಧವಾದ ತಪ್ಪನ್ನು ದಂಡಿಸುತ್ತವೆ. ಜೈನಾಚಾರ್ಯರ ದೃಷ್ಟಿ ಸಾಕ್ಷಿಯೇ ಇಲ್ಲದ ಎಡೆಯಲ್ಲಿ ನಡೆಯುವ ತಪ್ಪಿನ ಮೇಲೆ ನೆಟ್ಟಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳು ಬರುತ್ತವೆ: ಕಳವಿಗೆ ಪ್ರೇರೇಪಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಪ್ರತಿರೂಪಕ ವ್ಯವಹಾರ. ಕೃತ್ರಿಮ ಚಿನ್ನ ಮೊದಲಾದವುಗಳಿಂದ ವಂಚಿಸಿ ನಡೆಸುವ ವ್ಯವಹಾರವೇ ಪ್ರತಿರೂಪಕವೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಿವರಿಸುತ್ತಾರೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಇದನ್ನೇ ಸದೃಶಸನ್ಮಿಶ್ರವೆಂದು, ಎಂದರೆ ಹೋಲುವ ವಸ್ತುವನ್ನು ಬೆರೆಸುವುದೆಂದು ಕರೆಯುತ್ತದೆ. ಅಸಲು ಬ್ಯಾಟರಿಯ ಸ್ಥಾನದಲ್ಲಿ ನಕಲಿಯನ್ನಿಟ್ಟು ‘ಅಸಲು’ ಎನ್ನುವವನು ಈ ಅತಿಚಾರಕ್ಕೆ ಒಳಗಾಗುತ್ತಾನೆಂಬುದರಲ್ಲಿ ಸಂದೇಹವಿಲ್ಲ.

ಆದರೆ ‘ನಾನು ಸುಳ್ಳೇನೂ ಹೇಳಿಲ್ಲ’ ಎನ್ನುವವನ ಗತಿಯೇನು? ಇದಕ್ಕೆ ಉತ್ತರವು ಸತ್ಯಾಣುವ್ರತದ ‘ನ್ಯಾಸಾಪಹಾರ’ವೆಂಬ ಅತಿಚಾರದಲ್ಲಿದೆ. ಒಬ್ಬನು ತನ್ನ ಹೊನ್ನನ್ನು ಇನ್ನೊಬ್ಬನಲ್ಲಿ ಇರಿಸಿ ಹೋಗುತ್ತಾನೆ. ಮರಳಿ ಬಂದಾಗ ಎಷ್ಟು ಇರಿಸಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನು ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಡುತ್ತಾನೆ. ಪೂಜ್ಯಪಾದರ ವಿವರಣೆಯ ತಿರುಳು ಇದು. ಇಲ್ಲಿ ಇರಿಸಿಕೊಂಡವನು ಸುಳ್ಳು ಲೆಕ್ಕವನ್ನು ಹೇಳಲಿಲ್ಲ, ಬೀಗ ಮುರಿಯಲಿಲ್ಲ. ಎದುರಿಗಿರುವವನ ತಪ್ಪು ತಿಳಿವಳಿಕೆಗೆ ಒಪ್ಪಿಗೆಯಿತ್ತನು, ಅಷ್ಟೆ. ಆದರೂ ಆಚಾರ್ಯರು ಇದನ್ನು ಅಚೌರ್ಯದ ದೋಷಗಳೊಡನೆ ಎಣಿಸದೆ ಸತ್ಯವ್ರತದ ದೋಷವೆಂದೇ ಎಣಿಸಿದರು. ಇನ್ನೊಬ್ಬನ ಅರಿಯಮೆಯಿಂದ ಲಾಭ ಪಡೆಯುವ ಮೌನವೂ ಅಸತ್ಯವೇ ಎಂಬ ಸೂಕ್ಷ್ಮವನ್ನು ಇಷ್ಟು ಸ್ಪಷ್ಟವಾಗಿ ತಿಳಿಸುವ ನಿದರ್ಶನ ದೊರೆಯುವುದು ಕಷ್ಟ. ಫೋನು ಸರಿಯಾಗಿದೆಯೆಂದು ಕೊಳ್ಳುವವನು ಭಾವಿಸಿರುವುದನ್ನು ಕಂಡೂ ಸುಮ್ಮನಿರುವ ಮಾರಾಟಗಾರನು ಇದೇ ಸ್ಥಾನದಲ್ಲಿದ್ದಾನೆ.

ಬ್ರಿಟಿಷ್ ಆಳ್ವಿಕೆಯಲ್ಲಿ ಬಂದ ಕಾನೂನು ಬೇರೆ ದಾರಿಯನ್ನು ಹಿಡಿಯಿತು. ಕೊಳ್ಳುವವನೇ ಎಚ್ಚರದಿಂದಿರಲಿ ಎಂಬುದು ಇಂಗ್ಲಿಷ್ ನ್ಯಾಯಪದ್ಧತಿಯ ಹಳೆಯ ಸೂತ್ರ. ೧೮೭೨ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ, ದೋಷವನ್ನು ಬುದ್ಧಿಪೂರ್ವಕವಾಗಿ ಮುಚ್ಚುವುದು ವಂಚನೆ. ಆದರೆ ಹೇಳಬೇಕಾದ ಕರ್ತವ್ಯವಿಲ್ಲದೆಡೆ ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಾಗದು. ಮೌನವು ವಂಚನೆಯೆನಿಸಿದಾಗಲೂ, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ಸತ್ಯವನ್ನು ಕಂಡುಕೊಳ್ಳುವಂತಿದ್ದರೆ ಕರಾರನ್ನು ರದ್ದುಪಡಿಸಲಾಗದು. ೧೯೩೦ರ ಸರಕು ಮಾರಾಟ ಅಧಿನಿಯಮವು ಹಳೆಯ ಸೂತ್ರವನ್ನು ಉಳಿಸಿಕೊಂಡೇ ಅದಕ್ಕೆ ಅಪವಾದಗಳನ್ನು ಸೇರಿಸಿತು. ಅವುಗಳಿಗೆ ಹೊರತಾಗಿ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಿರಲೇಬೇಕೆಂಬ ನಿಯಮವು ನಮಗೆ ಮುಖ್ಯವಾದುದು. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವವನಿಗೆ ತನ್ನ ಕಣ್ಣೇ ಆಧಾರ. ದೂರದಿಂದ ಕೊಳ್ಳುವವನಿಗೆ ಮಾರುವವನ ಮಾತೇ ಕಣ್ಣು. ಆದುದರಿಂದ ಕೊಳ್ಳುವವನ ಎಚ್ಚರವನ್ನು ನಂಬಿದ ಸೂತ್ರವು ಅಂತರ್ಜಾಲದಲ್ಲಿ ತನ್ನ ನೆಲೆಯನ್ನೇ ಕಳೆದುಕೊಳ್ಳುತ್ತದೆ.

ಅಂತರ್ಜಾಲದ ಮಾರುಕಟ್ಟೆಯ ಆರಂಭದಲ್ಲಿಯೇ ಈ ವಿಷಯಕ್ಕೆ ಸಂಬಂಧಿಸಿದ ಒಂದು ಪ್ರಸಂಗ ನಡೆದಿದೆ. ೧೯೯೫ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಓಮಿಡ್ಯಾರ್ ಎಂಬ ತರುಣನು ಹರಾಜಿನ ತಾಣವೊಂದನ್ನು ತೆರೆದನು. ಅದೇ ಮುಂದೆ ‘ಈಬೇ’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಅಲ್ಲಿ ಮೊದಲು ಮಾರಾಟವಾದ ವಸ್ತುವೆಂದು ಪ್ರಸಿದ್ಧವಾಗಿರುವುದು ಅವನದೇ ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಬಂದ ಬೆಲೆ ೧೪.೮೩ ಡಾಲರ್. ಕೆಟ್ಟುದನ್ನು ಯಾರು ಕೊಂಡಾರೆಂದು ಅಚ್ಚರಿಗೊಂಡ ಅವನು, ಅದು ಕೆಟ್ಟಿದೆಯೆಂಬುದು ತಿಳಿದಿದೆಯಷ್ಟೆ ಎಂದು ಕೊಳ್ಳುವವನನ್ನು ವಿಚಾರಿಸಿದನಂತೆ. ತಿಳಿದಿದೆಯೆಂಬ ಉತ್ತರ ಬಂದ ಮೇಲೆ ವ್ಯವಹಾರ ಮುಗಿಯಿತು. ಕೆಟ್ಟ ವಸ್ತುವನ್ನು ಮಾರುವುದು ತಪ್ಪಲ್ಲ. ಬಿಡಿಭಾಗಗಳಿಗಾಗಿ, ದುರಸ್ತಿಗಾಗಿ ಅದನ್ನು ಬಯಸುವವರಿದ್ದಾರೆ. ಕೆಟ್ಟಿದೆಯೆಂಬ ಅರಿವು ಎರಡೂ ಕಡೆ ಸಮನಾಗಿರಬೇಕು, ಅಷ್ಟೆ.

ಈ ಅರಿವು ಸಮನಾಗಿರದಿದ್ದರೆ ಏನಾಗುವುದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ೧೯೭೦ರಲ್ಲಿಯೇ ಹಳೆಯ ಕಾರುಗಳ ಮಾರಾಟವನ್ನು ನಿದರ್ಶನವಾಗಿಟ್ಟು ತೋರಿಸಿದ್ದರು. ದೋಷವನ್ನು ಮಾರುವವನು ಮಾತ್ರ ಬಲ್ಲನಾದರೆ ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೊಡಬಯಸುತ್ತಾನೆ. ಒಳ್ಳೆಯ ವಸ್ತುವುಳ್ಳವರು ಆ ಬೆಲೆಗೆ ಮಾರಲಾರದೆ ಹಿಂಜರಿಯುತ್ತಾರೆ. ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಈ ವಿಚಾರಕ್ಕಾಗಿ ೨೦೦೧ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಸಂದಿತು. ಒಬ್ಬನ ಮೌನದ ಬೆಲೆಯನ್ನು ಪ್ರಾಮಾಣಿಕರೆಲ್ಲರೂ ತೆರಬೇಕಾಗುತ್ತದೆಂಬುದು ಇದರ ತಾತ್ಪರ್ಯ. ಇದನ್ನು ತಡೆಯಲು ಈಬೇ ೧೯೯೬ರಲ್ಲಿ ಕೊಂಡವರೂ ಮಾರಿದವರೂ ಪರಸ್ಪರ ಅಭಿಪ್ರಾಯ ಬರೆಯುವ ಪದ್ಧತಿಯನ್ನು ತಂದಿತು. ಆದರೆ ದೂರು ಬರೆದ ಗ್ರಾಹಕನ ಮೇಲೆ ಮಾರಾಟಗಾರನು ಪ್ರತಿದೂರು ಬರೆದು ಸೇಡು ತೀರಿಸಿಕೊಳ್ಳತೊಡಗಿದನು. ಕಡೆಗೆ ೨೦೦೮ರಲ್ಲಿ ಮಾರಾಟಗಾರರು ಗ್ರಾಹಕರ ವಿರುದ್ಧ ಪ್ರತಿಕೂಲ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಬೇಕಾಯಿತು. ಹೊರಗಿನ ಯಾವ ವ್ಯವಸ್ಥೆಯೂ ಒಳಗಿನ ಕಷಾಯವನ್ನು ಪೂರ್ತಿ ತಡೆಯಲಾರದೆಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮ ದೇಶದಲ್ಲಿ ೧೯೮೬ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನಕ್ಕೆ ೨೦೧೯ರ ಅಧಿನಿಯಮ ಬಂದು ೨೦೨೦ರ ಜುಲೈನಲ್ಲಿ ಜಾರಿಯಾಯಿತು. ಅದರ ಹಿಂದೆಯೇ ಬಂದ ಇ-ವಾಣಿಜ್ಯ ನಿಯಮಗಳು, ಸರಕು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನ ವರ್ಣನೆಗೆ ಹೊಂದದಿದ್ದರೆ ಮರಳಿ ಪಡೆಯಲು, ಹಣ ಹಿಂದಿರುಗಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲವೆಂದು ವಿಧಿಸಿದವು. ಆದರೆ ವ್ಯಾಪಾರವನ್ನು ಕ್ರಮಬದ್ಧವಾಗಿ ನಡೆಸದೆ, ವೈಯಕ್ತಿಕ ನೆಲೆಯಲ್ಲಿ ವ್ಯವಹರಿಸುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸವು. ಮನೆಯ ಹಳೆಯ ಫೋನನ್ನು ಮಾರುವ ನಮ್ಮ ನಿಮ್ಮಂತಹವರು ಈ ವಿನಾಯಿತಿಯೊಳಗೆ ಬರುತ್ತೇವೆ. ವರ್ಣನೆಗೆ ಸರಕು ಹೊಂದಬೇಕೆಂಬ ೧೯೩೦ರ ನಿಯಮವೇನೋ ನಮ್ಮನ್ನೂ ಕಟ್ಟುತ್ತದೆ. ಆದರೆ ಎರಡು ಮೂರು ಸಾವಿರ ರೂಪಾಯಿಗಳಿಗಾಗಿ ನ್ಯಾಯಾಲಯದ ಮೆಟ್ಟಿಲೇರುವವರು ಯಾರು? ರಾಜದಂಡದ ಕೈ ಚಾಚದ ಈ ಎಡೆಯೇ ಅಣುವ್ರತದ ನಿಜವಾದ ಕ್ಷೇತ್ರ.

ಹಾಗಾದರೆ ಶ್ರಾವಕನು ಹೇಗೆ ನಡೆದುಕೊಳ್ಳಬೇಕು? ವಿವಾದವು ಹಣ ಕೇಳಿದ ದಿನ ಹುಟ್ಟುವುದಿಲ್ಲ. ದೋಷವನ್ನು ಹೇಳದೆ ಬಿಟ್ಟ ದಿನ ಹುಟ್ಟುತ್ತದೆ. ಆದುದರಿಂದ ಮಾರುವ ಮೊದಲೇ ತಿಳಿದ ದೋಷವನ್ನು ಸ್ಪಷ್ಟವಾದ ಮಾತಿನಲ್ಲಿ ಬರೆಯಬೇಕು, ಅದರ ಚಿತ್ರವನ್ನೂ ತೋರಿಸಬೇಕು. ಪರೀಕ್ಷಿಸದ ಭಾಗವನ್ನು ಪರೀಕ್ಷಿಸಿಲ್ಲವೆಂದೇ ಹೇಳಬೇಕು. ‘ಇದ್ದಂತೆ ಮಾರಾಟ’ ಎಂಬ ಎರಡು ಪದಗಳು ತಿಳಿದ ದೋಷವನ್ನು ಮರೆಮಾಡುವ ಪರದೆಯಾಗಬಾರದು. ಉಬ್ಬಿದ ಬ್ಯಾಟರಿಯನ್ನು ಮುಚ್ಚಿಟ್ಟು ಮಾರುವುದು ಅಸತ್ಯ ಮಾತ್ರವಲ್ಲ. ಅದು ಬೆಂಕಿ ಹತ್ತಬಲ್ಲ ವಸ್ತುವಾದುದರಿಂದ ಹಿಂಸೆಯೂ ಹೌದು.

ಹಣ ಮರಳಿಸಬೇಕೆಂಬ ಬೇಡಿಕೆ ಬಂದಾಗ ಮೊದಲು ನಮ್ಮ ವರ್ಣನೆಯನ್ನು ಕೊಳ್ಳುವವನ ಕಣ್ಣಿನಿಂದ ಓದಬೇಕು. ದೋಷ ನಮ್ಮದೆಂದು ಕಂಡರೆ ಪೂರ್ಣ ಬೆಲೆಯನ್ನೂ ಮರಳಿ ಕಳುಹಿಸುವ ವೆಚ್ಚವನ್ನೂ ತಡಮಾಡದೆ ಕೊಡಬೇಕು. ವಸ್ತು ಮರಳಿ ಬಂದ ಕ್ಷಣದಿಂದ ನಮ್ಮ ಕೈಯಲ್ಲಿರುವ ಆ ಹಣ ನಮ್ಮದಲ್ಲ, ಅದು ನ್ಯಾಸ. ಅದನ್ನು ಕಡಿತಗೊಳಿಸುವುದು ನ್ಯಾಸಾಪಹಾರಕ್ಕೆ ಸಮೀಪವಾದುದು. ಸಾಗಣೆಯಲ್ಲಿ ಕೆಟ್ಟಿದ್ದರೆ ನಾವು ಭದ್ರವಾಗಿ ಕಟ್ಟಿದ್ದೆವೇ ಎಂದು ಕೇಳಿಕೊಳ್ಳಬೇಕು. ವ್ರತವು ಕೊಳ್ಳುವವನಿಗೂ ಉಂಟು. ಒಳ್ಳೆಯ ಭಾಗವನ್ನು ತೆಗೆದುಕೊಂಡು ಕೆಟ್ಟುದನ್ನು ಸೇರಿಸಿ ಮರಳಿಸುವುದು ಪ್ರತಿರೂಪಕ ವ್ಯವಹಾರವೇ. ಕ್ರಮಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡ ಮಾರಾಟಗಾರನು ಅಂತಹ ಸಂದರ್ಭದಲ್ಲಿ ಕೋಪವಿಲ್ಲದೆ, ಆಧಾರಸಹಿತವಾಗಿ ನಿರಾಕರಿಸಬಹುದು. ಅಣುವ್ರತವು ಮೋಸಕ್ಕೆ ಮಣಿಯಬೇಕೆಂದು ಹೇಳುವುದಿಲ್ಲ.

ಬಸದಿಗಳ ಟ್ರಸ್ಟುಗಳು ಹಳೆಯ ಧ್ವನಿವರ್ಧಕ, ಕಂಪ್ಯೂಟರು, ಕ್ಯಾಮರಾಗಳನ್ನು ವಿಲೇವಾರಿ ಮಾಡುವಾಗಲೂ ಇದೇ ಮಾತು. ‘ದೇವರ ಕಾರ್ಯಕ್ಕಾಗಿ ಹೆಚ್ಚು ಬೆಲೆ ಬರಲಿ’ ಎಂಬ ಆಸೆ ದೋಷವನ್ನು ಮರೆಸಬಾರದು. ಟ್ರಸ್ಟಿನ ದಾಖಲೆಯಲ್ಲಿ ದೋಷವನ್ನು ಬರೆದು, ಅದೇ ಮಾತನ್ನು ಕೊಳ್ಳುವವನಿಗೂ ಬರೆದುಕೊಡುವುದು ಉಚಿತ. ದುರಸ್ತಿಗೆ ನಿಲುಕದವನ್ನು ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸುವುದು ಲೇಸು.

ಮನುವಿನ ೧೦ ದಿನ, ಯಾಜ್ಞವಲ್ಕ್ಯನ ಒಂದು ದಿನ, ಇಂದಿನ ತಾಣಗಳ ಗಡುವು, ಇವೆಲ್ಲ ದೋಷವು ಬಯಲಾಗಲೆಂದು ಕಾಯುವ ದಿನಗಳು. ಬೆಲೆ ಪಡೆಯುವ ಮೊದಲೇ ದೋಷವನ್ನು ನುಡಿದವನ ಮನೆಯಲ್ಲಿ ಆ ದಿನಗಳನ್ನು ಎಣಿಸುವ ಪ್ರಮೇಯ ಅಪರೂಪ. ಅವನಿಗೆ ಬೆಲೆ ಕೊಂಚ ಕಡಿಮೆ ಬಂದೀತು; ವ್ರತ ಮಾತ್ರ ಪೂರ್ಣವಾಗಿ ಉಳಿಯುತ್ತದೆ.