ಭೋಗ್ಯದ ಮನೆ: ಅವಧಿ ಮುಂದುವರಿಸುವ ಮುನ್ನ

ಉತ್ತರ ಕೊಡಗಿನ ಸೋಮವಾರಪೇಟೆ ಕಾಫಿ, ಕರಿಮೆಣಸಿನ ವ್ಯಾಪಾರದ ಊರು, ತಾಲ್ಲೂಕು ಕೇಂದ್ರವೂ ಹೌದು. ವರ್ಗವಾಗಿ ಬರುವ ನೌಕರರು, ಮಕ್ಕಳ ಓದಿಗಾಗಿ ಹಳ್ಳಿಯಿಂದ ಪೇಟೆಗೆ ಬರುವ ಕುಟುಂಬಗಳು, ಅಂಗಡಿ ನಡೆಸುವವರು ಇಲ್ಲಿ ಬಾಡಿಗೆಗೋ ಭೋಗ್ಯಕ್ಕೋ ಮನೆ ಹಿಡಿಯುತ್ತಾರೆ. ಮನೆಗೆ ಬರುವಾಗ ಕರಾರು ಬರೆಸುವಷ್ಟು ಎಚ್ಚರ ಅವಧಿ ಮುಗಿಯುವಾಗ ಇರುವುದಿಲ್ಲ. ‘ಇನ್ನೆರಡು ವರ್ಷ ಇರಿ’ ಎಂಬ ಬಾಯಿಮಾತಿನಲ್ಲಿ, ಹೆಚ್ಚೆಂದರೆ ಹಳೆಯ ಪತ್ರದ ಬೆನ್ನಿಗೆ ಬರೆದ ಎರಡು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ತಂಟೆ ಹುಟ್ಟಿದಾಗ ಈ ಎರಡೂ ಕೈಹಿಡಿಯುವುದು ಕಷ್ಟ.

ಗುತ್ತಿಗೆಯೇ, ಭೋಗ್ಯವೇ?

ಜನ ಎರಡನ್ನೂ ‘ಲೀಸ್’ ಎಂದೇ ಕರೆದರೂ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇವನ್ನು ಬೇರೆಬೇರೆಯಾಗಿ ಕಾಣುತ್ತದೆ. ಬಾಡಿಗೆ ಕೊಟ್ಟು ನಿಶ್ಚಿತ ಅವಧಿಗೆ ಮನೆ ಬಳಸುವುದು ಗುತ್ತಿಗೆ (ಕಲಂ 105). ಇಡಿಗಂಟು ಕೊಟ್ಟು, ಅದರ ಬಡ್ಡಿಯ ಬದಲಿಗೆ ಮನೆಯನ್ನು ಅನುಭವಿಸುವುದು ಸ್ವಾಧೀನ ಸಹಿತ ಅಡಮಾನ, ಅಂದರೆ ಭೋಗ್ಯ (ಕಲಂ 58ಡಿ). ಪತ್ರದ ತಲೆಬರಹದಲ್ಲಿ ಏನೇ ಬರೆದಿರಲಿ, ನ್ಯಾಯಾಲಯ ನೋಡುವುದು ಒಳಗಿನ ಷರತ್ತುಗಳನ್ನು.

ಗುತ್ತಿಗೆಯ ಅವಧಿ ಮುಗಿದರೆ ಮನೆ ಬಿಡಬೇಕು. ನವೀಕರಣದ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಬಾಡಿಗೆದಾರ ಅದನ್ನು ಹಕ್ಕಾಗಿ ಕೇಳುವಂತಿಲ್ಲ. ಭೋಗ್ಯದಲ್ಲಿ ಹಾಗಲ್ಲ, ಕೊಟ್ಟ ಹಣ ವಾಪಸಾಗುವವರೆಗೆ ಸ್ವಾಧೀನ ಉಳಿಸಿಕೊಳ್ಳಬಹುದು. ಹಾಗೆಂದು ವರ್ಷಗಳು ಉರುಳಿದ ಮಾತ್ರಕ್ಕೆ ಮನೆ ಭೋಗ್ಯದಾರನದಾಗುವುದಿಲ್ಲ. ಇಂಥ ಅಡಮಾನದಲ್ಲಿ ಮನೆ ಬಿಡಿಸಿಕೊಳ್ಳುವ ಕಾಲಮಿತಿ ಪತ್ರ ಬರೆದ ದಿನದಿಂದಲೇ ಓಡಲಾರಂಭಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಸಿಂಗ್ ರಾಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಭೋಗ್ಯದಾರನಿಗೂ ಒಂದು ತೊಡಕಿದೆ. ಮನೆಯಲ್ಲಿ ಕೂತಿರಬಹುದು, ಆದರೆ ಶುದ್ಧ ಭೋಗ್ಯದಲ್ಲಿ ಮನೆ ಮಾರಿಸಿ ಹಣ ಕೊಡಿಸಿ ಎಂದು ದಾವೆ ಹೂಡಲಾಗದು. ಆದ್ದರಿಂದ ಇಂಥ ದಿನಾಂಕಕ್ಕೆ ಹಣ ಹಿಂದಿರುಗಿಸುತ್ತೇನೆ ಎಂಬ ಮಾಲೀಕನ ಒಪ್ಪಿಗೆ ಪತ್ರದಲ್ಲಿ ಇರಲೇಬೇಕು.

ಅವಧಿ ಮುಗಿದ ಮೇಲೂ ಇದ್ದರೆ

ಗುತ್ತಿಗೆ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಿದ್ದರೆ ಕಲಂ 116ರ ಪ್ರಕಾರ ಒಪ್ಪಂದ ಮುಂದುವರಿದಂತೆ. ಆದರೆ ವಾಸದ ಮನೆಯ ಮಟ್ಟಿಗೆ ಅದು ತಿಂಗಳಿಂದ ತಿಂಗಳಿಗೆ ಮಾತ್ರ. ಮೊದಲ ಪತ್ರ ಮೂರು ವರ್ಷದ್ದಾಗಿದ್ದರೂ ಇನ್ನೂ ಮೂರು ವರ್ಷ ತಾನಾಗಿ ಸಿಗುವುದಿಲ್ಲ. ಬೇರೆ ಕರಾರಿಲ್ಲದಿದ್ದರೆ 15 ದಿನಗಳ ನೋಟಿಸು ಸಾಕು, ಬಾಡಿಗೆ ಸಂಬಂಧ ಕೊನೆಗೊಳ್ಳುತ್ತದೆ (ಕಲಂ 106).

ವಿಸ್ತರಣೆಯೋ, ನವೀಕರಣವೋ?

ಹಳೆಯ ಗುತ್ತಿಗೆಯೇ ಅದೇ ಷರತ್ತುಗಳೊಂದಿಗೆ ಉದ್ದವಾಗುವುದು ವಿಸ್ತರಣೆ. ಹಳೆಯದು ಮುಗಿದು ಹೊಸದು ಹುಟ್ಟುವುದು ನವೀಕರಣ. ನವೀಕರಣಕ್ಕೆ ಹೊಸ ಪತ್ರ ಬೇಕೇ ಬೇಕು. ಸುಪ್ರೀಂ ಕೋರ್ಟ್ 1989ರ ಪ್ರವಾಸ್ ಚಂದ್ರ ದಲುಯಿ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ವಿವರಿಸಿದೆ. ಬಾಡಿಗೆ, ಮುಂಗಡ, ಅವಧಿ ಎಲ್ಲವೂ ಬದಲಾಗುತ್ತಿದ್ದರೆ ಹೊಸ ಪತ್ರವೇ ಕ್ಷೇಮ.

ನೋಂದಣಿಯ ಗಡಿ

ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. 11 ತಿಂಗಳ ಕರಾರು ಎಲ್ಲೆಡೆ ಚಾಲ್ತಿಗೆ ಬಂದದ್ದು ಈ ಗಡಿಯೊಳಗೆ ಉಳಿಯಲಿಕ್ಕೆ. ಭೋಗ್ಯಕ್ಕೆ ಆ ವಿನಾಯಿತಿಯೂ ಇಲ್ಲ: 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ್ದಾದರೆ ನೋಂದಣಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಎರಡೂ ಬೇಕು (ಕಲಂ 59).

ಮುದ್ರಾಂಕ ಶುಲ್ಕ ಉಳಿಸಲೆಂದು ಕಡಿಮೆ ಬೆಲೆಯ ಛಾಪಾ ಕಾಗದದಲ್ಲಿ ಬರೆಸಿದ ಪತ್ರವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾಗಿ ಬಂದರೆ, ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಬೀಳಬಹುದು. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಭೋಗ್ಯವಾದರೆ ಮನೆಯ ಋಣಭಾರ ಪತ್ರದಲ್ಲಿ (ಇ.ಸಿ.) ನಮೂದಾಗುತ್ತದೆ. ಮಾಲೀಕರು ಮನೆ ಮಾರಹೊರಟರೆ ಕೊಳ್ಳುವವರಿಗೆ ಭೋಗ್ಯದ ವಿಷಯ ತಿಳಿಯುವುದು ಅಲ್ಲಿಂದಲೇ.

ಹೊಸ ಪತ್ರಕ್ಕೆ ಮುಂಚೆ ನೋಡಬೇಕಾದ್ದು

ಮೊದಲ ಸಲ ನೋಡಿದ ದಾಖಲೆಗಳನ್ನು ಮುಂದುವರಿಸುವಾಗಲೂ ಮತ್ತೆ ನೋಡಬೇಕು. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯದಕ್ಕೆ ಇ-ಸ್ವತ್ತು ನಮೂನೆ, ಎರಡಕ್ಕೂ ತಾಜಾ ಋಣಭಾರ ಪತ್ರ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ಕೊಡಗಿನಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ: ಜಮ್ಮಾ ಭೂಮಿಯಲ್ಲಿ ಮನೆಯಿದ್ದರೆ ಪಹಣಿ ಪಟ್ಟೆದಾರರ ಹೆಸರಿನಲ್ಲಿದ್ದು, ಕುಟುಂಬದ ಇತರರಿಗೂ ಅದರಲ್ಲಿ ಪಾಲಿರಬಹುದು. ಒಬ್ಬರ ಸಹಿ ನಂಬಿ ಲಕ್ಷಗಟ್ಟಲೆ ಕೊಡಬಾರದು.

ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದೆಯೇ ಎಂದೂ ಕೇಳಿ. ಹಾಗೆ ಅಡವಿಟ್ಟ ಮಾಲೀಕ ಕೊಡಬಹುದಾದ ಗುತ್ತಿಗೆಗೆ ಕಲಂ 65ಎ ಮಿತಿ ಹಾಕುತ್ತದೆ. ಕಟ್ಟಡವಾದರೆ ಮೂರು ವರ್ಷ ಮೀರುವಂತಿಲ್ಲ, ಬಾಡಿಗೆಯನ್ನು ಮುಂಗಡವಾಗಿ ಪಡೆಯುವಂತಿಲ್ಲ. ಸಾಲದ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಷರತ್ತೂ ಇರಬಹುದು.

ಹಣದ ಲೆಕ್ಕ

ಮುಂದುವರಿಸುವಾಗ ಭೋಗ್ಯದ ಮೊತ್ತ ಏರುವುದು ಸಾಮಾನ್ಯ. 5 ಲಕ್ಷಕ್ಕೆ ನೋಂದಣಿಯಾದ ಭೋಗ್ಯಕ್ಕೆ ಇನ್ನೂ 2 ಲಕ್ಷ ಕೈಯಲ್ಲಿ ಕೊಟ್ಟರೆ ದಾಖಲೆಯಲ್ಲಿ ಉಳಿಯುವುದು 5 ಲಕ್ಷವೇ. ಹಳೆಯ ಮೊತ್ತ, ಹೊಸದಾಗಿ ಸೇರಿದ್ದು, ಒಟ್ಟು ಮೊತ್ತ ಮೂರನ್ನೂ ಪತ್ರದಲ್ಲಿ ಬರೆಸಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಯನ್ನು ನಗದಾಗಿ ಪಡೆಯುವುದನ್ನೂ ಮರಳಿಸುವುದನ್ನೂ ಆದಾಯ ತೆರಿಗೆ ಕಾನೂನು ನಿರ್ಬಂಧಿಸಿದೆ. ಬ್ಯಾಂಕ್ ಖಾತೆಯ ಮೂಲಕವೇ ವ್ಯವಹರಿಸಿ.

ಮಳೆ ಮತ್ತು ದುರಸ್ತಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಸುರಿಯುವ ಊರಿನಲ್ಲಿ ಹೆಂಚು ಸರಿಪಡಿಸುವುದು, ಸೋರುವ ಗೋಡೆಗೆ ಗಾರೆ ಮಾಡಿಸುವುದು ವರ್ಷವರ್ಷದ ಖರ್ಚು. ಪತ್ರದಲ್ಲಿ ಏನೂ ಹೇಳದಿದ್ದರೆ ಭೋಗ್ಯದಾರನೇ ಮನೆಯ ಉತ್ಪತ್ತಿಯ ಮಿತಿಯೊಳಗೆ ಅವಶ್ಯ ದುರಸ್ತಿ ಮಾಡಿಸಬೇಕೆಂದು ಕಲಂ 76 ಹೇಳುತ್ತದೆ. ಆದ್ದರಿಂದ ಖರ್ಚು ಯಾರದೆಂದು ಮೊದಲೇ ಬರೆದಿಡಿ. ಬಿರುಗಾಳಿ, ಪ್ರವಾಹದಿಂದ ಮನೆ ವಾಸಕ್ಕೆ ಶಾಶ್ವತವಾಗಿ ಒದಗದಂತಾದರೆ ಗುತ್ತಿಗೆಯನ್ನು ರದ್ದುಪಡಿಸುವ ಆಯ್ಕೆ ಬಾಡಿಗೆದಾರನಿಗಿದೆ (ಕಲಂ 108ಇ). 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಪುಸ್ತಕದ ಮಾತೆಂದು ತಳ್ಳಿಹಾಕಲಾಗದು.

ಬೇರೆ ದೇಶಗಳಲ್ಲಿ

ನಮ್ಮ ಭೋಗ್ಯವನ್ನು ಹೋಲುವ ಪದ್ಧತಿ ದಕ್ಷಿಣ ಕೊರಿಯಾದಲ್ಲಿ ‘ಜಿಯೊನ್ಸೆ’ ಎಂಬ ಹೆಸರಿನಲ್ಲಿದೆ. ಅಲ್ಲಿ 2020ರ ತಿದ್ದುಪಡಿ, ಒಂದು ಬಾರಿ ಇನ್ನೆರಡು ವರ್ಷಕ್ಕೆ ಮುಂದುವರಿಸುವಂತೆ ಕೇಳುವ ಹಕ್ಕನ್ನು ನಿವಾಸಿಗೆ ಕೊಟ್ಟು, ಮೊತ್ತದ ಏರಿಕೆಗೆ ಶೇ 5ರ ಮಿತಿ ಹಾಕಿತು. ಇಂಗ್ಲೆಂಡಿನಲ್ಲಿ ದೀರ್ಘಾವಧಿ ಗುತ್ತಿಗೆಯ ಫ್ಲ್ಯಾಟುಗಳಿಗೆ 90 ವರ್ಷ ಸೇರಿಸಿಕೊಳ್ಳುವ ಹಕ್ಕನ್ನು 1993ರ ಕಾನೂನು ನೀಡಿತು. ನಮ್ಮಲ್ಲಿ ಭೋಗ್ಯದ ಮನೆಯವರಿಗೆ ಅಂಥ ಹಕ್ಕಿಲ್ಲ. ಪತ್ರದಲ್ಲಿ ಬರೆಸಿಕೊಂಡಷ್ಟೇ ನಮ್ಮ ಬಲ.

ಕೊನೆಯದಾಗಿ

ಅವಧಿ ಮುಗಿಯಲು ಎರಡು ಮೂರು ತಿಂಗಳಿರುವಾಗಲೇ ಮಾಲೀಕರೊಂದಿಗೆ ಮಾತಾಡಿ, ಒಪ್ಪಿದ್ದನ್ನು ವಕೀಲರಿಂದಲೋ ಪತ್ರ ಬರಹಗಾರರಿಂದಲೋ ಬರೆಸಿ, ಹಳೆಯ ಅವಧಿ ತೀರುವ ಮುನ್ನವೇ ನೋಂದಣಿ ಮಾಡಿಸಿ. ಮನೆ ಬಿಡುವ ದಿನ ಹಣ ಕೈಸೇರಿದ ಮೇಲೆ ಭೋಗ್ಯ ಬಿಡುಗಡೆಯ ಪತ್ರವನ್ನೂ ನೋಂದಾಯಿಸಿಕೊಡಿ. ಮಾಲೀಕರ ಮನೆ ಋಣಮುಕ್ತವೆಂದು ದಾಖಲೆಯಲ್ಲಿ ಕಾಣುವುದು ಆಗಲೇ.