ಹುಟ್ಟಿದ ನೆಲ, ಹೆತ್ತವರ ನಾಡು
ನಮ್ಮ ನಾಲ್ಕು ತಾಲೂಕುಗಳಲ್ಲಿ ಪೌರತ್ವದ ಇತಿಹಾಸ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡ, ಸೇವೆ ಸಲ್ಲಿಸಿದ ಗುರುಗಳು, ನೆರವಾದ ದಾನಿಗಳು ಇವರ ವೃತ್ತಾಂತಕ್ಕೆ ಮೊದಲ ಸ್ಥಾನ ಸಲ್ಲುವುದು ಯುಕ್ತವೇ ಆಗಿದೆ. ಆದರೆ ನೂರು ವರ್ಷಗಳ ಅವಧಿಯಲ್ಲಿ ಜನರ ಬಾಳಿನಲ್ಲಿ ಸದ್ದಿಲ್ಲದೆ ಆಗಿಹೋದ ಬದಲಾವಣೆಗಳೂ ಇತಿಹಾಸದ ಭಾಗವೇ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ನಮ್ಮ ಹಿರಿಯರು ತಾವು ಬಿತ್ತಿ ಬೆಳೆದ ಹೊಲವನ್ನು ಬಿಟ್ಟು ಕದಲದೆಯೇ ಒಂದು ಪ್ರಭುತ್ವದ ಪ್ರಜೆಗಳಾಗಿದ್ದವರು ಇನ್ನೊಂದು ಪ್ರಭುತ್ವದ ಪ್ರಜೆಗಳಾದರು. ಇಂದು ಅವರ ಮೊಮ್ಮಕ್ಕಳು ದಾದಿಯರಾಗಿ, ತಂತ್ರಜ್ಞರಾಗಿ, ಕೂಲಿಕಾರರಾಗಿ ಕಡಲಾಚೆಯ ದೇಶಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರಿಗೆ ಮಕ್ಕಳಾಗುತ್ತವೆ. ಆ ಮಗು ಯಾರದು ಎಂಬ ಪ್ರಶ್ನೆಗೆ ಹೆತ್ತ ತಾಯಿ ಉತ್ತರ ಕೊಡಬಲ್ಲಳು. ಅದು ಯಾವ ದೇಶದ್ದು ಎಂಬ ಪ್ರಶ್ನೆಗೆ ಕಾನೂನು ಮತ್ತು ಕಾಗದ ಉತ್ತರ ಕೊಡಬೇಕಾಗುತ್ತದೆ. ಈ ಪ್ರಶ್ನೆಯು ನಮ್ಮ ಭಾಗಕ್ಕೆ ಹೊಸದಲ್ಲ ಎಂಬುದನ್ನು ವಾಚಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಚಕ್ಕಡಿಯ ದಾರಿಯಲ್ಲಿದ್ದ ಪರರಾಜ್ಯ

ಬ್ರಿಟಿಷರ ಆಡಳಿತಕಾಲದಲ್ಲಿ ಹಾನಗಲ್ಲವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಶಿಗ್ಗಾಂವಿಯು ಬಂಕಾಪುರ ತಾಲೂಕಿನ ಮುಖ್ಯಸ್ಥಳವಾಗಿತ್ತು. ಹಿರೇಕೆರೂರು ಕೋಡ ತಾಲೂಕಿನ ಮುಖ್ಯಸ್ಥಳವಾಗಿತ್ತು. ಈ ಮೂರೂ ಬ್ರಿಟಿಷ್ ಇಂಡಿಯಾದ ನೆಲ. ಆದರೆ ಸವಣೂರಿನ ಸ್ಥಿತಿ ಬೇರೆ. ಸುಮಾರು 70 ಚದರ ಮೈಲಿ ವಿಸ್ತಾರದ ಆ ಪುಟ್ಟ ಸಂಸ್ಥಾನವು ಧಾರವಾಡ ಜಿಲ್ಲೆಯ ನಡುವೆ ನಡುಗಡ್ಡೆಯಂತಿದ್ದು, ನವಾಬರ ಆಳಿಕೆಗೆ ಒಳಪಟ್ಟಿತ್ತು. ಧಾರವಾಡದ ಕಲೆಕ್ಟರರು ಅದರ ಮೇಲ್ವಿಚಾರಣೆ ನಡೆಸುತ್ತಿದ್ದರೂ ಕಾನೂನಿನ ಕಣ್ಣಿನಲ್ಲಿ ಸವಣೂರು ಬ್ರಿಟಿಷ್ ಚಕ್ರವರ್ತಿಯ ರಾಜ್ಯಕ್ಷೇತ್ರವಾಗಿರಲಿಲ್ಲ.

ಇದರ ಪರಿಣಾಮವು ಕುತೂಹಲಕಾರಿಯಾದುದು. ಹಾನಗಲ್ಲ, ಶಿಗ್ಗಾಂವಿಗಳಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಸವಣೂರಿನ ನವಾಬರ ಪ್ರಜೆಯಾದವನು ಬ್ರಿಟಿಷ್ ಪ್ರಜೆಯಲ್ಲ; ಅವನಿಗೆ ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿಯೆಂಬ ಸ್ಥಾನ ಮಾತ್ರವಿತ್ತು. ಎರಡೂ ಕಡೆ ಒಂದೇ ಭಾಷೆ, ಒಂದೇ ಸಂತೆ, ಒಂದೇ ಬೀಗತನ. ಶಿಗ್ಗಾಂವಿಯಿಂದ ಚಕ್ಕಡಿ ಕಟ್ಟಿದರೆ ಸವಣೂರು ಒಂದು ದಿನದ ದಾರಿ. ಆದರೂ ಆ ದಾರಿಯ ನಡುವೆಲ್ಲಿಯೋ ಕಣ್ಣಿಗೆ ಕಾಣದ ಒಂದು ಗಡಿ ಇತ್ತು.

ಸವಣೂರಿನ ಮನೆತನವೊಂದರ ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದಾರೆಂದು ಭಾವಿಸೋಣ. 1914ರ ಬ್ರಿಟಿಷ್ ಪೌರತ್ವ ಕಾಯಿದೆಯ ಮೇರೆಗೆ ಹೆಂಡತಿಗೆ ಗಂಡನ ಪೌರತ್ವವೇ ಸಲ್ಲುತ್ತಿದ್ದುದರಿಂದ, ತಾಳಿ ಕಟ್ಟಿಸಿಕೊಂಡ ದಿನವೇ ಅವಳು ಬ್ರಿಟಿಷ್ ಪ್ರಜೆಯಾದಳು. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ನಾಡಿನ ರೂಢಿ. ಅವಳು ಸವಣೂರಿನ ತವರುಮನೆಯಲ್ಲಿ ಗಂಡುಮಗುವನ್ನು ಹೆತ್ತರೆ, ಕಾನೂನಿನ ಲೆಕ್ಕದಲ್ಲಿ ಆ ಮಗು ಚಕ್ರವರ್ತಿಯ ರಾಜ್ಯದ ಹೊರಗೆ ಹುಟ್ಟಿದ ಮಗು! ಅದು ಬ್ರಿಟಿಷ್ ಪ್ರಜೆಯಾದದ್ದು ತಾನು ಹುಟ್ಟಿದ ನೆಲದಿಂದಲ್ಲ. ಹಾನಗಲ್ಲಿನಲ್ಲಿ ಹುಟ್ಟಿದ ತಂದೆಯ ಮೂಲಕ, ಅಂದರೆ ವಂಶಾನುಗತವಾಗಿ. ಇದಕ್ಕೆ ಪ್ರತಿಯಾಗಿ, ನವಾಬರ ಪ್ರಜೆಯೊಬ್ಬನ ಮಗು ಶಿಗ್ಗಾಂವಿಯಲ್ಲಿ ಹುಟ್ಟಿದರೆ ಅದಕ್ಕೆ ನೆಲವೇ ಪೌರತ್ವವನ್ನು ಕೊಟ್ಟುಬಿಡುತ್ತಿತ್ತು. ಬಾಣಂತಿಯ ಕೋಣೆಯಲ್ಲಿ ಈ ಸೂಕ್ಷ್ಮವನ್ನು ಯಾರೂ ಎಣಿಸುತ್ತಿರಲಿಲ್ಲ. ಆದರೆ ನೆಲದಿಂದ ಬರುವ ಹಕ್ಕು, ಹೆತ್ತವರಿಂದ ಬರುವ ಹಕ್ಕು ಎಂಬ ಎರಡು ತತ್ವಗಳೂ ನಮ್ಮ ಊರುಗಳ ನಡುವೆಯೇ ನಿತ್ಯವೂ ಕೆಲಸ ಮಾಡುತ್ತಿದ್ದವು ಎಂಬುದು ಸ್ಮರಣೀಯ. ಜ್ಞಾನಪೀಠ ಪುರಸ್ಕೃತರಾದ ವಿ. ಕೃ. ಗೋಕಾಕರು 1909ರಲ್ಲಿ ಜನಿಸಿದ್ದು ಈ ಸವಣೂರಿನಲ್ಲಿಯೇ. ಕನ್ನಡದ ಹೆಸರನ್ನು ಬೆಳಗಿದ ಆ ಮಹನೀಯರ ಜನ್ಮಸ್ಥಳವು ಅಂದು ಬ್ರಿಟಿಷ್ ಇಂಡಿಯಾದ ಹೊರಗಿತ್ತು.

ಒಂದು ವರ್ಷದ ಗಡುವು

1922ರಲ್ಲಿ ಬ್ರಿಟಿಷ್ ಸರಕಾರವು ಈ ಕಾಯಿದೆಗೆ ಒಂದು ತಿದ್ದುಪಡಿಯನ್ನು ತಂದಿತು. ಹೊರದೇಶದಲ್ಲಿ ನೆಲೆಸಿದವರ ಎರಡನೆಯ, ಮೂರನೆಯ ತಲೆಮಾರಿನವರೂ ಪ್ರಜೆಗಳಾಗಿ ಮುಂದುವರಿಯಬೇಕಾದರೆ, ಮಗು ಹುಟ್ಟಿದ ಒಂದು ವರ್ಷದೊಳಗೆ ಬ್ರಿಟಿಷ್ ಕಾನ್ಸಲರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. ವಿಶೇಷ ಕಾರಣಗಳಿದ್ದರೆ ಅನುಮತಿ ಪಡೆದು ಎರಡು ವರ್ಷಗಳೊಳಗೆ ನೋಂದಾಯಿಸಬಹುದು. ಮಗು ಬೆಳೆದು 21 ವರ್ಷದವನಾದ ಮೇಲೆ ಒಂದು ವರ್ಷದಲ್ಲಿ ತನ್ನ ಪೌರತ್ವವನ್ನು ಉಳಿಸಿಕೊಳ್ಳುವುದಾಗಿ ಘೋಷಿಸಬೇಕು. ವಂಶದ ಹಕ್ಕು ಸರಪಳಿಯಂತೆ ಕೊನೆಯಿಲ್ಲದೆ ಇಳಿದುಬರಬಾರದು, ಪ್ರತಿ ತಲೆಮಾರೂ ನಾಡಿನೊಡನೆ ತನ್ನ ನಂಟನ್ನು ಹೇಳಿಕೊಳ್ಳಬೇಕು ಎಂಬುದು ಅದರ ಆಶಯ. ಈ ಒಂದು ವರ್ಷದ ಗಡುವನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮುಂದೆ ಇನ್ನೊಂದು ರೂಪದಲ್ಲಿ ನಮ್ಮ ಬಾಗಿಲಿಗೇ ಬಂದಿದೆ.

ಸಂವಿಧಾನದ ಔದಾರ್ಯ, 1955ರ ಸಂಕೋಚ

1948ರಲ್ಲಿ ಸವಣೂರು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರ ನವೆಂಬರ್ 26ರಂದೇ ಜಾರಿಗೆ ಬಂದ ಸಂವಿಧಾನದ ಪೌರತ್ವದ ಅನುಚ್ಛೇದಗಳು ಹಳೆಯ ಭೇದವನ್ನು ಅಳಿಸಿಹಾಕಿದವು. ಭಾರತದ ನೆಲದಲ್ಲಿ ಹುಟ್ಟಿ ಇಲ್ಲಿಯೇ ನೆಲೆಸಿದವರೆಲ್ಲರೂ ಭಾರತದ ಪೌರರಾದರು. ನವಾಬರ ಪ್ರಜೆ, ಬ್ರಿಟಿಷರ ಪ್ರಜೆ ಎಂಬ ಎರಡು ಹೆಸರುಗಳು ಒಂದೇ ಹೆಸರಿನಲ್ಲಿ ಕರಗಿದವು.

ಹೊರದೇಶದಲ್ಲಿದ್ದ ಭಾರತೀಯ ಮೂಲದವರಿಗಾಗಿ ಸಂವಿಧಾನವು 8ನೆಯ ಅನುಚ್ಛೇದವನ್ನು ಇರಿಸಿತು. ತಾನಾಗಲಿ, ತಂದೆ ತಾಯಿಗಳಲ್ಲಿ ಒಬ್ಬರಾಗಲಿ, ಅಜ್ಜ ಅಜ್ಜಿಯರಲ್ಲಿ ಯಾರಾದರೊಬ್ಬರಾಗಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ್ದರೆ, ತಾನಿರುವ ದೇಶದ ಭಾರತೀಯ ರಾಯಭಾರಿಯ ಬಳಿ ನೋಂದಾಯಿಸಿಕೊಂಡು ಪೌರನಾಗಬಹುದಾಗಿತ್ತು. ಇಲ್ಲಿ ತಂದೆಯೆಂದೂ ತಾಯಿಯೆಂದೂ ಭೇದವಿರಲಿಲ್ಲ. ಅಜ್ಜಿಯ ಹುಟ್ಟೂರೂ ಮೊಮ್ಮಗನಿಗೆ ಆಸರೆಯಾಗಬಲ್ಲುದಾಗಿತ್ತು.

ಆದರೆ 1955ರ ಪೌರತ್ವ ಅಧಿನಿಯಮವು ಆ ಔದಾರ್ಯವನ್ನು ಕಿರಿದುಗೊಳಿಸಿತು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶಾನುಗತ ಪೌರತ್ವ ಬರಬೇಕಾದರೆ ತಂದೆಯು ಭಾರತದ ಪೌರನಾಗಿರಬೇಕೆಂದು ಅದರ 4ನೆಯ ಕಲಮು ವಿಧಿಸಿತು. ತಾಯಿಯ ಮಾತು ಅಲ್ಲಿರಲಿಲ್ಲ. ಮನೆಯ ಭಾರ ಹೊತ್ತು ಪರದೇಶದ ಆಸ್ಪತ್ರೆಗಳಲ್ಲಿ ದುಡಿಯಲು ಹೋದ ದಾದಿಯರಲ್ಲಿ ಯಾರಾದರೂ ಅಲ್ಲಿ ಅನ್ಯದೇಶೀಯನನ್ನು ವರಿಸಿದ್ದರೆ, ಅವಳ ಮಗುವಿಗೆ ತಾಯಿಯ ನಾಡು ಹಕ್ಕಾಗಿ ದೊರೆಯುತ್ತಿರಲಿಲ್ಲ. ಬೇಕಾದರೆ ಅರ್ಜಿ ಹಾಕಿ ನೋಂದಣಿಯ ಮೂಲಕ ಬೇಡಿ ಪಡೆಯಬೇಕಿತ್ತು. ಹಕ್ಕಿಗೂ ಅನುಗ್ರಹಕ್ಕೂ ಇರುವ ಅಂತರವನ್ನು ಬೇಡಿದವರೇ ಬಲ್ಲರು.

ಈ ಕೊರತೆ ನೀಗಲು 37 ವರ್ಷಗಳು ಬೇಕಾದವು. 1992ರ ಡಿಸೆಂಬರ್ 10ರಂದು ಅಥವಾ ಅನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ತಾಯಿಗಳಲ್ಲಿ ಯಾರಾದರೊಬ್ಬರು ಭಾರತದ ಪೌರರಾಗಿದ್ದರೆ ಸಾಕೆಂದು ತಿದ್ದುಪಡಿಯಾಯಿತು. ಆದರೆ ಆ ದಿನಕ್ಕೆ ಮುಂಚೆ ಹುಟ್ಟಿದವರಿಗೆ ಇದು ಅನ್ವಯಿಸಲಿಲ್ಲ. ಒಬ್ಬಳೇ ತಾಯಿಯ ಇಬ್ಬರು ಮಕ್ಕಳಲ್ಲಿ ಹಿರಿಯನಿಗೆ ಇಲ್ಲದ ಹಕ್ಕು ಕಿರಿಯನಿಗೆ ಬರಬಹುದಾಗಿತ್ತು.

ನೆರೆಯ ಗೋವೆಯ ಪಾಠ

ನಮ್ಮ ಭಾಗದ ಕಥೊಲಿಕರಿಗೆ ಗೋವೆಯ ನಂಟು ಹಳೆಯದು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪನೆಯಾದಾಗ ಅದಕ್ಕೆ ಸೇರಿದ ಪ್ರದೇಶಗಳು ಗೋವಾ ಮಹಾಧರ್ಮಪ್ರಾಂತ್ಯ ಮತ್ತು ಪುಣೆ ಧರ್ಮಪ್ರಾಂತ್ಯಗಳಿಂದ ಬಂದವು. ಆದುದರಿಂದ ಗೋವೆಯಲ್ಲಿ ನಡೆದುದನ್ನೂ ಇಲ್ಲಿ ಹೇಳುವುದು ಉಚಿತ.

1961ರ ಡಿಸೆಂಬರ್ 19ರಂದು ಗೋವೆಯು ಪೋರ್ತುಗೀಸರ ಆಳಿಕೆಯಿಂದ ಬಿಡುಗಡೆ ಹೊಂದಿತು. 1962ರ ಮಾರ್ಚ್ ತಿಂಗಳ ಆಜ್ಞೆಯೊಂದರ ಮೂಲಕ, ತಾನಾಗಲಿ ತಂದೆ ತಾಯಿಯರಾಗಲಿ ಅಜ್ಜ ಅಜ್ಜಿಯರಾಗಲಿ 1961ರ ಡಿಸೆಂಬರ್ 20ಕ್ಕೆ ಮುಂಚೆ ಅಲ್ಲಿ ಹುಟ್ಟಿದ್ದ ಪ್ರತಿಯೊಬ್ಬನೂ ಭಾರತದ ಪೌರನೆಂದು ಪರಿಗಣಿತನಾದನು. ಹಳೆಯ ಪೌರತ್ವವನ್ನೇ ಉಳಿಸಿಕೊಳ್ಳಬಯಸುವವರಿಗೆ ಬರಹದ ಮೂಲಕ ತಿಳಿಸಲು ಒಂದು ತಿಂಗಳ ಅವಕಾಶವಿತ್ತು. ಹಾಗೆ ಪೋರ್ತುಗೀಸ್ ಪೌರತ್ವವನ್ನು ಆರಿಸಿಕೊಂಡವರಲ್ಲಿ ಗೋವೆಯ ಗುರು ಮೊನ್ಸಿಂಜೋರ್ ಮೊಂತೇರೊ ಅವರೂ ಒಬ್ಬರು. ವಾಸದ ಪರವಾನಗಿಯ ಅವಧಿ 1964ರಲ್ಲಿ ಮುಗಿದ ಮೇಲೂ ನವೀಕರಿಸದೆ ಉಳಿದುದಕ್ಕಾಗಿ ಅವರ ಮೇಲೆ ಮೊಕದ್ದಮೆ ನಡೆಯಿತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಸ್ವಂತ ನೆಲದಲ್ಲಿಯೇ ಇದ್ದರೂ, ತಾವೇ ಮಾಡಿದ ಘೋಷಣೆಯ ಕಾರಣ ಅವರು ಕಾನೂನಿನ ಪ್ರಕಾರ ಪರದೇಶಿಯಾಗಿದ್ದರು.

ಪೋರ್ತುಗಲ್ ಗೋವೆಯ ಮೇಲಿನ ಭಾರತದ ಸಾರ್ವಭೌಮತ್ವವನ್ನು 1974ರ ಡಿಸೆಂಬರ್ 31ರ ಒಪ್ಪಂದದಿಂದ ಮಾನ್ಯಮಾಡಿತು. ಆದರೂ ಬಿಡುಗಡೆಗೆ ಮುಂಚೆ ಗೋವೆಯಲ್ಲಿ ಹುಟ್ಟಿದವರಿಗೂ ಅವರ ಸಂತತಿಗೂ ತನ್ನ ಪೌರತ್ವದ ಬಾಗಿಲನ್ನು ತೆರೆದೇ ಇಟ್ಟಿದೆ. ಲಿಸ್ಬನ್ನಿನಲ್ಲಿ ಅಜ್ಜನ ಜನನವನ್ನು ದಾಖಲಿಸಿ ಯುರೋಪಿನ ದಾರಿ ಹಿಡಿದವರು ಅನೇಕರು. ಆ ದಾರಿ ಹಿಡಿಯುವವರು ಒಂದು ಮಾತನ್ನು ಮರೆಯಬಾರದು. ಸ್ವ-ಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವವನ್ನು ಪಡೆದವನು, 1955ರ ಅಧಿನಿಯಮದ 9ನೆಯ ಕಲಮಿನ ಮೇರೆಗೆ, ಭಾರತದ ಪೌರನಾಗಿ ಉಳಿಯುವುದಿಲ್ಲ. 2005ರ ತಿದ್ದುಪಡಿಯ ಬಳಿಕ ಕೊಡಲಾಗುತ್ತಿರುವ ಸಾಗರೋತ್ತರ ಪೌರತ್ವದ ಚೀಟಿಯು ಹೆಸರಿನಲ್ಲಿ ಪೌರತ್ವವಾದರೂ ಮತದಾನದ ಹಕ್ಕನ್ನು ಕೊಡುವುದಿಲ್ಲ.

ಈಗಿನ ನಿಯಮ

2004ರ ಡಿಸೆಂಬರ್ 3ರಿಂದ ನಿಯಮವು ಮತ್ತಷ್ಟು ಬಿಗಿಯಾಯಿತು. ಆ ದಿನದ ಬಳಿಕ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ, ಹೆತ್ತವರಿಬ್ಬರೂ ಭಾರತೀಯರೇ ಆಗಿದ್ದರೂ, ಪೌರತ್ವವು ತಾನಾಗಿ ಬರುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಆ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಜನನವನ್ನು ನೋಂದಾಯಿಸಬೇಕು. ಮಗುವು ಬೇರೆ ದೇಶದ ಪಾಸ್‌ಪೋರ್ಟನ್ನು ಹೊಂದಿಲ್ಲವೆಂದು ತಂದೆ ತಾಯಿಗಳು ಘೋಷಿಸಬೇಕು. ಗಡುವು ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. 1922ರಲ್ಲಿ ದೂರದ ತಲೆಮಾರುಗಳಿಗೆ ಮಾತ್ರ ಇದ್ದ ಗಡುವು ಈಗ ಮೊದಲ ತಲೆಮಾರಿಗೇ ಬಂದು ನಿಂತಿದೆ.

ಕೊಲ್ಲಿ ರಾಷ್ಟ್ರಗಳಲ್ಲಿ ಇದರ ತೂಕ ಹೆಚ್ಚು. ಅಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮವರ ಮಕ್ಕಳಿಗೆ ಆ ನೆಲದ ಪೌರತ್ವ ದೊರೆಯುವುದಿಲ್ಲ. ಭಾರತದ ದಾಖಲೆಯಲ್ಲಿಯೂ ಹೆಸರು ಬರದಿದ್ದರೆ ಆ ಶಿಶು ಯಾವ ದೇಶಕ್ಕೂ ಸೇರದೆ ಉಳಿಯುತ್ತದೆ. ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತಲಾಗದು, ಅಜ್ಜಿಯ ತೊಡೆಯೇರಲಾಗದು. ಅಮೆರಿಕದಂಥ ದೇಶದಲ್ಲಿ ಸ್ಥಿತಿ ಬೇರೆ. ಅಲ್ಲಿ ಹುಟ್ಟಿದವರಿಗೆ ನೆಲದ ಪೌರತ್ವ ದೊರೆಯುತ್ತ ಬಂದಿದೆ. ಆ ದೇಶದ ಪಾಸ್‌ಪೋರ್ಟನ್ನು ಮಗುವಿಗೆ ಪಡೆದವರು ಭಾರತದ ಪೌರತ್ವಕ್ಕಾಗಿ ನೋಂದಾಯಿಸಲಾರರು. ಎರಡೂ ದೇಶಗಳ ಪೌರತ್ವ ಹೊಂದಿರುವ ಬಾಲಕನು ಪ್ರಾಪ್ತವಯಸ್ಕನಾದ 6 ತಿಂಗಳೊಳಗೆ ಅನ್ಯದೇಶದ ಪೌರತ್ವವನ್ನು ಬಿಟ್ಟುಕೊಡದಿದ್ದರೆ ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾನೆ.

ನೋಂದಣಿಗೆ ಆಸ್ಪತ್ರೆಯಿರುವ ದೇಶದ ಜನನ ಪ್ರಮಾಣಪತ್ರ, ತಂದೆ ತಾಯಿಗಳ ಪಾಸ್‌ಪೋರ್ಟುಗಳು, ವಿವಾಹದ ಪ್ರಮಾಣಪತ್ರ ಇವು ಮುಖ್ಯ. ಈ ಎಲ್ಲ ಕಾಗದಗಳಲ್ಲಿ ಹೆಸರುಗಳು ಒಂದೇ ಬಗೆಯಾಗಿರಬೇಕು. ಊರಿನ ಶಾಲೆಯಲ್ಲಿ ಒಂದು ಹೆಸರು, ದೇವಾಲಯದಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇರುವುದು ನಮ್ಮಲ್ಲಿ ಅಪರೂಪವಲ್ಲ. ಅದನ್ನು ಪರದೇಶಕ್ಕೆ ಹೊರಡುವ ಮುನ್ನವೇ ಸರಿಪಡಿಸಿಕೊಳ್ಳುವುದು ಜಾಣತನ.

ಜ್ಞಾನಸ್ನಾನದ ಪುಸ್ತಕ

ಈ ಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಜೋಪಾನವಾಗಿ ಇಟ್ಟಿರುವ ಜ್ಞಾನಸ್ನಾನದ ಪುಸ್ತಕದ ಬಗ್ಗೆ ಒಂದು ಮಾತು. ಧರ್ಮಸಭೆಯಲ್ಲಿ ಇಂಥ ದಾಖಲೆಗಳ ಪದ್ಧತಿಯು 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಯಿಂದ ಗಟ್ಟಿಯಾಯಿತು. 1917ರ ಮತ್ತು 1983ರ ಧರ್ಮಸಭಾ ಕಾನೂನುಗಳು ಅದನ್ನೇ ಮುಂದುವರಿಸಿದವು. ಅದರಲ್ಲಿ ಮಗುವಿನ ಹೆಸರಿನೊಡನೆ ತಂದೆ, ತಾಯಿ, ಜ್ಞಾನ ತಂದೆ, ಜ್ಞಾನ ತಾಯಿ, ಸ್ಥಳ, ದಿನಾಂಕ ಇವೆಲ್ಲ ಬರೆಯಲ್ಪಡುತ್ತವೆ. ಮುಂದೆ ಆ ವ್ಯಕ್ತಿ ಎಲ್ಲಿಯೇ ಮದುವೆಯಾದರೂ ಆ ಸುದ್ದಿಯು ಜ್ಞಾನಸ್ನಾನವಾದ ಊರಿಗೆ ಬಂದು ಅದೇ ಪುಸ್ತಕದಲ್ಲಿ ದಾಖಲಾಗಬೇಕೆಂಬುದು ನಿಯಮ. ನಾಡಿನ ಕಾನೂನು 1992ರಲ್ಲಿ ತಾಯಿಯ ಹೆಸರಿಗೆ ಕೊಟ್ಟ ಬೆಲೆಯನ್ನು ಈ ಹಳೆಯ ಪುಸ್ತಕವು ಬಹಳ ಹಿಂದಿನಿಂದಲೂ ಕೊಡುತ್ತ ಬಂದಿದೆ.

ಆದರೆ ಇದರ ಮಿತಿಯನ್ನೂ ತಿಳಿದಿರಬೇಕು. ಜ್ಞಾನಸ್ನಾನದ ಪತ್ರವು ಪೌರತ್ವವನ್ನು ಕೊಡುವುದಿಲ್ಲ. ಹಿರಿಯರ ಜನನ, ವಂಶ, ವಾಸಸ್ಥಳಗಳಿಗೆ ಅದು ಪೂರಕ ಸಾಕ್ಷ್ಯವಾಗಬಲ್ಲುದು, ಅಷ್ಟೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರ ಪಾಸ್‌ಪೋರ್ಟಿಗೆ ಜನನದ ದಿನಾಂಕದ ಪುರಾವೆಯಾಗಿ ಸರಕಾರಿ ಜನನ ಪ್ರಮಾಣಪತ್ರವೊಂದೇ ಮಾನ್ಯ. ಕೊಲ್ಲಿಯ ದೇವಾಲಯವೊಂದರಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸಿ, ಊರಿಗೆಲ್ಲ ಸಿಹಿ ಹಂಚಿ, ರಾಯಭಾರ ಕಚೇರಿಯ ನೋಂದಣಿಯನ್ನು ಮರೆತ ಹೆತ್ತವರು ಅರ್ಧ ಕರ್ತವ್ಯವನ್ನು ಮಾತ್ರ ಮಾಡಿದಂತಾಯಿತು.

ಉಪಸಂಹಾರ

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಬೆಳೆದ ಮಹಾವೃಕ್ಷಗಳು ಆಫ್ರಿಕಾ ಮೂಲದವು. ನೂರಾರು ವರ್ಷಗಳಿಂದ ಅವು ಸವಣೂರಿನವೇ ಆಗಿವೆ. ಯಾರೂ ಅವುಗಳ ಕಾಗದ ಕೇಳಿಲ್ಲ. ಮನುಷ್ಯರ ಮಕ್ಕಳಿಗೆ ಆ ಭಾಗ್ಯವಿಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಪ್ರಜಾಸ್ಥಾನವನ್ನು ಸಂಸ್ಥಾನದ ಗಡಿ ನಿರ್ಧರಿಸಿತು. ಅಜ್ಜಂದಿರ ಕಾಲದಲ್ಲಿ ಸಂವಿಧಾನ ನಿರ್ಧರಿಸಿತು. ನಮ್ಮ ಕಾಲದಲ್ಲಿ ತಂದೆ ತಾಯಿಗಳ ಜಾಗರೂಕತೆಯೇ ನಿರ್ಧರಿಸುವಂತಾಗಿದೆ. ವಂಶದ ಹಕ್ಕು ರಕ್ತದಲ್ಲಿ ಹರಿಯುತ್ತದೆಂದು ನಂಬಿ ಸುಮ್ಮನಿರುವ ಕಾಲ ಹೋಯಿತು. ಆದುದರಿಂದ ಪರದೇಶದಲ್ಲಿ ಮಗಳೋ ಸೊಸೆಯೋ ಹೆತ್ತ ಸುದ್ದಿ ಬಂದಾಗ, ಗಂಡೋ ಹೆಣ್ಣೋ ಎಂದು ಕೇಳಿ, ತಾಯಿ ಮಗು ಕ್ಷೇಮವೇ ಎಂದು ವಿಚಾರಿಸಿ, ಕೂಡಲೇ ‘ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿದಿರಾ?’ ಎಂದು ಕೇಳುವ ರೂಢಿಯನ್ನು ನಮ್ಮ ಮನೆಗಳ ಹಿರಿಯರು ಬೆಳೆಸಿಕೊಳ್ಳಲಿ ಎಂಬುದು ನಮ್ಮ ವಿನಮ್ರ ಸೂಚನೆ. ದೂರದಲ್ಲಿ ಹುಟ್ಟಿದ ಆ ಕಂದಮ್ಮಗಳಿಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಬಾಗಿಲು ಸದಾ ಹಕ್ಕಿನಿಂದ ತೆರೆದಿರಲಿ ಎಂದು ಹಾರೈಸುತ್ತೇವೆ.